ಟಿವಿಯಲ್ಲಿ ಕ್ರೂಡ್ (ಕಚ್ಚಾ ತೈಲ) ಇಳಿದಿದೆಯಂತೆ, ಲಾರಿ ಬಾಡಿಗೆ ಇಳಿಸು ಅಂತಿದ್ದಾರೆ. ಏನು ಹೇಳಲಿ?

ಆರುಚಕ್ರ, ಕುಶಾಲನಗರ

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರ್‌ನಲ್ಲಿ ಇದನ್ನು ಬರೆಯುತ್ತಿದ್ದೇನೆ. ಒಂದೇ ಒಂದು ಲಾರಿ ಇಟ್ಟುಕೊಂಡವನು ನಾನು. ಆರು ಚಕ್ರದ ಗಾಡಿ, 2017ರ ಮಾಡೆಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡದ್ದು. ಓನರ್ರೂ ನಾನೇ, ಡ್ರೈವರ್ರೂ ನಾನೇ. ಸೀಸನ್‌ನಲ್ಲಿ ತೋಟದ ಕಣದಿಂದ ಕ್ಯೂರಿಂಗ್‌ಗೆ, ಅಂದರೆ ಕಾಫಿ ಸಿಪ್ಪೆ ತೆಗೆದು ಹಸನು ಮಾಡುವ ಕಾರ್ಖಾನೆಗೆ, ಕಾಫಿ ಹೊಡೆಯುತ್ತೇನೆ. ಕ್ಯೂರಿಂಗ್‌ನಿಂದ ಮಂಗಳೂರಿನ ಗೋದಾಮಿಗೂ ಲೋಡು ಇರುತ್ತದೆ. ಬರುವಾಗ ಸಿಕ್ಕರೆ ಗೊಬ್ಬರ, ಸಿಮೆಂಟು. ಸಿಗದಿದ್ದರೆ ಖಾಲಿ.

ಮೊನ್ನೆ ಪಾರ್ಟಿ ಫೋನ್ ಮಾಡಿದರು. ಐದು ವರ್ಷದಿಂದ ಲೋಡು ಕೊಡುತ್ತಿರುವವರು, ಒಳ್ಳೆಯವರೇ. "ಕ್ರೂಡ್ 60 ಡಾಲರ್ ಹತ್ತಿರ ಬಂದಿದೆಯಂತೆ, ಟಿವಿಯಲ್ಲಿ ತೋರಿಸಿದ್ರು. ಮಂಗಳೂರು ಟ್ರಿಪ್ಪಿಗೆ ಇನ್ನು ಒಂದು ಸಾವಿರ ಕಮ್ಮಿ ಮಾಡ್ಕೊ" ಅಂದರು. ನಾನು ಆಗ ಬಂಕಿನಲ್ಲೇ ನಿಂತಿದ್ದೆ. ಬೋರ್ಡಿನಲ್ಲಿ ಡೀಸೆಲ್ 91 ಚಿಲ್ಲರೆ. ನಿನ್ನೆಯೂ ಅದೇ, ಹೋದ ತಿಂಗಳೂ ಅದೇ. "ಸರ್, ಇಲ್ಲಿ ಏನೂ ಇಳಿದಿಲ್ಲ" ಅಂದೆ. "ಇಳಿಯುತ್ತೆ ಬಿಡು, ಇವತ್ತಲ್ಲ ನಾಳೆ" ಅಂದರು.

ಇಳಿದ ಮೇಲೆ ಕೇಳಲಿ, ಮಾತಾಡೋಣ. ಇಳಿಯುವ ಮೊದಲೇ ಕೇಳಿದರೆ ಏನು ಹೇಳೋದು? ನನ್ನ ಲೆಕ್ಕ ಹೀಗಿದೆ. ಕುಶಾಲನಗರದಿಂದ ಮಂಗಳೂರಿಗೆ ಹೋಗಿ ಬರೋಕೆ ಹತ್ತಿರ ಹತ್ತಿರ 340 ಕಿಲೋಮೀಟರ್. ಹೋಗುವಾಗ 10 ಟನ್, ಬರುವಾಗ ಲೋಡು ಇದ್ದರೆ ಸಂಪಾಜೆ ಘಾಟಿ ಹತ್ತಿಸಬೇಕು. ಎಲ್ಲ ಸೇರಿ 75 ಲೀಟರ್ ಕುಡಿಯುತ್ತದೆ. ಬಾಡಿಗೆ ಹೋಗೋಕೆ 13,500 ಕೊಡುತ್ತಾರೆ. ಅದರಲ್ಲಿ ಅರ್ಧ ಡೀಸೆಲ್ಲಿಗೇ ಹೋಯಿತು.

ಬೇರೆ ಗಾಡಿಯವರಿಗೂ ಹೀಗೆ ಫೋನ್ ಬಂದಿದೆಯಾ? ಏನು ಉತ್ತರ ಕೊಟ್ರಿ?

ಮಡಿಕೇರಿ ಮಬ್ಬು

ನಂಗೆ ಲಾರಿ ಇಲ್ಲ. ಆದರೆ ಒಂದು ಡೌಟು. ಡೀಸೆಲ್ ಏರಿದ ವಾರವೇ ಸಂತೆಯಲ್ಲಿ ಟೊಮೆಟೊ ಏರುತ್ತದೆ. ಇಳಿದಾಗ ಯಾಕೆ ಇಳಿಯಲ್ಲ?

ಸಂಪಾಜೆ ಹಳಬ

ಮಬ್ಬು ಅವರೇ, ಟೊಮೆಟೊ ವಿಷಯ ಟೊಮೆಟೊ ಮಾರುವವರನ್ನು ಕೇಳಿ. ಲಾರಿ ವಿಷಯ ನಾನು ಹೇಳುತ್ತೇನೆ. 31 ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ. ಈಗ ಮೊಣಕಾಲು ಹೋಗಿದೆ, ಗಾಡಿ ಮಗ ನೋಡುತ್ತಾನೆ.

ತಮ್ಮಾ ಆರುಚಕ್ರ, ಟಿವಿಯಲ್ಲಿ ತೋರಿಸುವ ಬೆಲೆ ಬೇರೆ, ಬಂಕಿನ ಬೋರ್ಡು ಬೇರೆ. ಇದನ್ನು ನಾವು 2014ರಲ್ಲೇ ಕಲಿತಿದ್ದೇವೆ. ಆ ವರ್ಷ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯನ್ನು ಸರ್ಕಾರ ಮಾರುಕಟ್ಟೆಗೆ ಬಿಟ್ಟಿತು. ಜೂನ್‌ನಲ್ಲಿ ಬ್ಯಾರಲ್ಲಿಗೆ 115 ಡಾಲರ್ ಹತ್ತಿರ ಇದ್ದ ಕ್ರೂಡ್ ಜಾರಲು ಶುರುವಾಯಿತು. 2016ರ ಜನವರಿಯಲ್ಲಿ 30ಕ್ಕಿಂತ ಕೆಳಗೆ ಹೋಯಿತು. ನಾಲ್ಕರಲ್ಲಿ ಒಂದು ಪಾಲು! ನಾವೆಲ್ಲ ಡೀಸೆಲ್ 25 ರೂಪಾಯಿಗೆ ಬರುತ್ತದೆ ಅಂತ ಲೆಕ್ಕ ಹಾಕಿಕೊಂಡು ಕೂತಿದ್ದೆವು. ಬಂತಾ? ಆ ಮಧ್ಯೆ ಕೇಂದ್ರದವರು ಒಂಬತ್ತು ಸಲ ಅಬಕಾರಿ ಸುಂಕ ಏರಿಸಿದರು. ಲೀಟರ್ ಡೀಸೆಲ್ಲಿಗೆ 3.56 ರೂಪಾಯಿ ಇದ್ದ ಸುಂಕ 17 ದಾಟಿತು. ಸ್ವಲ್ಪ ಇಳಿದದ್ದು ನಿಜ, ಇಲ್ಲ ಅನ್ನಲ್ಲ. ಆದರೆ ಮೇಲಿನಿಂದ ಸುರಿದ ನೀರು ನಮ್ಮ ಕೊಡಕ್ಕೆ ಬರುವಷ್ಟರಲ್ಲಿ ತಳ ಒದ್ದೆಯಾಗುವಷ್ಟೇ ಉಳಿದಿತ್ತು.

2020 ಇನ್ನೂ ಚೆಂದ. ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಕ್ರೂಡ್ ಸೊನ್ನೆಗಿಂತ ಕೆಳಗೆ ಹೋಯಿತು. ಕೊಂಡವನಿಗೇ ದುಡ್ಡು ಕೊಡುವ ಪರಿಸ್ಥಿತಿ. ಇಲ್ಲಿ ಲಾಕ್‌ಡೌನ್, ಗಾಡಿ ಮನೆ ಮುಂದೆ. ಮೇ ತಿಂಗಳಲ್ಲಿ ಡೀಸೆಲ್ ಮೇಲಿನ ಸುಂಕ ಒಂದೇ ಏಟಿಗೆ 13 ರೂಪಾಯಿ ಏರಿ 31.83 ಆಯಿತು. ಕ್ರೂಡ್ ಇಳಿದದ್ದು ಖಜಾನೆಗೆ ಹೋಯಿತು.

ಹೋದ ಸಲವೂ ಅದೇ ಕತೆ. 2025ರ ಏಪ್ರಿಲ್‌ನಲ್ಲಿ ಕ್ರೂಡ್ ಬಿದ್ದಿತ್ತು. ಕೇಂದ್ರ ಸುಂಕ 2 ರೂಪಾಯಿ ಏರಿಸಿತು. ಬಂಕಿನ ದರ ಬದಲಾಗಲಿಲ್ಲ, ಅಂದರೆ ಇಳಿಯಬೇಕಾದದ್ದು ಇಳಿಯಲಿಲ್ಲ. ಅದೇ ತಿಂಗಳು 1ನೇ ತಾರೀಕು ನಮ್ಮ ರಾಜ್ಯದವರು ಮಾರಾಟ ತೆರಿಗೆಯನ್ನು ಶೇಕಡಾ 21.17ಕ್ಕೆ ಏರಿಸಿದ್ದರು. ಅದರಿಂದ ಲೀಟರಿಗೆ 2 ರೂಪಾಯಿ ಜಾಸ್ತಿ ಆಯಿತು. ಕ್ರೂಡ್ ಕೆಳಗೆ, ಬೋರ್ಡು ಮೇಲೆ. ಆ ತಿಂಗಳೇ ಲಾರಿ ಮಾಲೀಕರ ಮುಷ್ಕರ ಆದದ್ದು ನೆನಪಿದೆಯಲ್ಲ?

ನಿನ್ನ ಪಾರ್ಟಿಗೆ ಇಷ್ಟೇ ಹೇಳು: "ಸರ್, ನಾನು ಟಿವಿಯಲ್ಲಿ ಡೀಸೆಲ್ ಹಾಕಿಸಲ್ಲ, ಬಂಕಿನಲ್ಲಿ ಹಾಕಿಸ್ತೇನೆ."

ಸಿದ್ದಾಪುರ ತೋಟ

ನಾನು ಇನ್ನೊಂದು ಕಡೆಯವನು, ಬಾಡಿಗೆ ಕೊಡುವವನು. ಬೈಯಬೇಡಿ.

ಹಳಬ ಅವರು ಹೇಳಿದ ಸುಂಕದ ಮಾತು ಸರಿ. ಆದರೆ ಬಂಕಿನ ಬೋರ್ಡೇ ಇಳಿದ ಸಂದರ್ಭವೂ ಇದೆಯಲ್ಲ? 2021ರ ನವೆಂಬರ್ ನೆನಪು ಮಾಡಿಕೊಳ್ಳಿ. ದೀಪಾವಳಿ ಹೊತ್ತಿಗೆ ಕೇಂದ್ರ ಡೀಸೆಲ್ ಸುಂಕ 10 ರೂಪಾಯಿ ಇಳಿಸಿತು, ರಾಜ್ಯ 7 ಇಳಿಸಿತು. ಬೋರ್ಡಿನಲ್ಲಿ ಹತ್ತಿರ ಹತ್ತಿರ 19 ರೂಪಾಯಿ ಕಮ್ಮಿ ಆಯಿತು. ಒಂದೇ ರಾತ್ರಿ! ನನ್ನ ತೋಟಕ್ಕೆ ಬರುವ ಲಾರಿಯವರು ಎಷ್ಟು ಇಳಿಸಿದರು ಗೊತ್ತಾ? ಒಂದು ರೂಪಾಯಿ ಇಲ್ಲ. ಕೇಳಿದರೆ "ಟೈರು ಜಾಸ್ತಿ ಆಗಿದೆ ಸರ್, ಇನ್ಶೂರೆನ್ಸ್ ಜಾಸ್ತಿ ಆಗಿದೆ ಸರ್". ಏರುವಾಗ ಡೀಸೆಲ್ ಲೆಕ್ಕ, ಇಳಿಯುವಾಗ ಟೈರಿನ ಲೆಕ್ಕ.

ನಮಗೂ ಖರ್ಚಿದೆ. ಕೊಯ್ಲಿಗೆ ಜನ ಸಿಗುವುದಿಲ್ಲ. ಸಿಕ್ಕವರನ್ನು ಕರೆದುಕೊಂಡು ಬರಲು ಬೆಳಗ್ಗೆ ಜೀಪು ಕಳಿಸಬೇಕು. ಅದೂ ಡೀಸೆಲ್ಲೇ.

ಆರುಚಕ್ರ, ಕುಶಾಲನಗರ

ಸರ್, ಬೈಯಲ್ಲ. ನೀವು ಹೇಳಿದ್ದು ಅರ್ಧ ಒಪ್ಪುತ್ತೇನೆ. 2021ರಲ್ಲಿ ನಾನೂ ಇಳಿಸಲಿಲ್ಲ. ಯಾಕೆ ಅಂತ ಹೇಳಿಬಿಡುತ್ತೇನೆ.

ಆ ವರ್ಷ ಜನವರಿಯಿಂದ ಅಕ್ಟೋಬರ್‌ವರೆಗೆ ಡೀಸೆಲ್ ಏರಿ ಏರಿ ನೂರು ದಾಟಿತು. ದಿನಾ 25 ಪೈಸೆ, 35 ಪೈಸೆ. ಪೈಸೆ ಲೆಕ್ಕದಲ್ಲಿ ಏರಿದರೆ ಯಾರ ಹತ್ತಿರ ಹೋಗಿ ಬಾಡಿಗೆ ಏರಿಸಿ ಅಂತ ಕೇಳೋದು? "ಮೂವತ್ತು ಪೈಸೆಗೆ ಬಂದ್ಯಾ?" ಅಂತಾರೆ. ಹತ್ತು ತಿಂಗಳು ಹಳೇ ಬಾಡಿಗೆಯಲ್ಲೇ ಓಡಿಸಿದೆ. ನವೆಂಬರ್‌ನಲ್ಲಿ 19 ರೂಪಾಯಿ ಇಳಿದಾಗ ನಾನು ಹಳೇ ಜಾಗಕ್ಕೆ ವಾಪಸ್ ಬಂದೆ, ಅಷ್ಟೇ. ಏರಿಸದೇ ಇದ್ದವನು ಇಳಿಸೋದು ಎಲ್ಲಿಂದ?

ಏರೋದು ಪೈಸೆ ಪೈಸೆಯಾಗಿ, ಯಾರಿಗೂ ಕಾಣಲ್ಲ. ಇಳಿಯೋದು ಒಂದೇ ಸಲ, ಟಿವಿಯಲ್ಲಿ ಪಟಾಕಿ ಹೊಡೆದ ಹಾಗೆ. ನಮ್ಮ ತೊಂದರೆಯೇ ಇದು.

ಸಿದ್ದಾಪುರ ತೋಟ

ಇದು ನನಗೆ ಹೊಳೆದಿರಲಿಲ್ಲ. ಆಯ್ತು, ನಿಮ್ಮ ಮಟ್ಟಿಗೆ ಒಪ್ಪಿದೆ. ನನ್ನ ಲಾರಿಯವರು ಆ ಮಧ್ಯೆ ಎರಡು ಸಲ ಏರಿಸಿದ್ದರು, ಅದನ್ನೂ ಹೇಳಿಬಿಡುತ್ತೇನೆ.

ಶನಿವಾರಸಂತೆ ಹುಡುಗ

ಇಷ್ಟೆಲ್ಲ ಯಾಕೆ? ಡೀಸೆಲ್ ಇಳಿದರೆ ಟ್ರಿಪ್ ಜಾಸ್ತಿ ಮಾಡಿ. ಎರಡರ ಜಾಗದಲ್ಲಿ ಮೂರು. ತಾನಾಗೇ ದುಡ್ಡು ಉಳಿಯುತ್ತೆ.

ಸಂಪಾಜೆ ಹಳಬ

ಮೂರನೇ ಟ್ರಿಪ್ಪಿಗೆ ಲೋಡು ನೀನು ಕೊಡ್ತೀಯಾ ಮಗಾ?

ಗೋಣಿಕೊಪ್ಪ ಲೆಕ್ಕದಕ್ಕ

ನಮ್ಮ ಮನೆಯಲ್ಲಿ ಎರಡು ಗಾಡಿ ಇವೆ. ಒಂದು ತಮ್ಮನದು, ಒಂದು ಯಜಮಾನರದು. ಓಡಿಸುವವರು ಅವರು, ಲೆಕ್ಕ ಬರೆಯುವವಳು ನಾನು. ಹನ್ನೆರಡು ವರ್ಷದ ಡೈರಿಗಳು ಅಕ್ಕಿ ಡಬ್ಬದ ಪಕ್ಕ ಇವೆ. ಸುಮ್ನೆ ಬಾಯಲ್ಲಿ ಜಗಳ ಆಡುವ ಬದಲು ಲೆಕ್ಕ ನೋಡೋಣ.

ಆರುಚಕ್ರ ಅವರೇ, ನೀವೇ ಬರೆದಿದ್ದೀರಿ, ಟ್ರಿಪ್ಪಿಗೆ 75 ಲೀಟರ್. ಹಾಗಾದರೆ ಬೋರ್ಡಿನಲ್ಲಿ 1 ರೂಪಾಯಿ ಇಳಿದರೆ ನಿಮಗೆ ಉಳಿಯೋದು 75 ರೂಪಾಯಿ. 2 ಇಳಿದರೆ 150. ನಿಮ್ಮ ಪಾರ್ಟಿ ಕೇಳುತ್ತಿರೋದು 1,000. ಅಷ್ಟು ಬಿಟ್ಟುಕೊಡಬೇಕಾದರೆ ಡೀಸೆಲ್ 13 ರೂಪಾಯಿಗಿಂತ ಜಾಸ್ತಿ ಇಳಿಯಬೇಕು. ಈ ಒಂದು ಸಾಲು ಒಂದು ಚೀಟಿಯಲ್ಲಿ ಬರೆದು ಅವರ ಮೇಜಿನ ಮೇಲೆ ಇಡಿ.

ಇನ್ನೊಂದು. 2022ರ ಮೇ ತಿಂಗಳಲ್ಲಿ ಕೇಂದ್ರ ಡೀಸೆಲ್ ಸುಂಕ 6 ರೂಪಾಯಿ ಇಳಿಸಿತಲ್ಲ, ಆಮೇಲೆ ನಮ್ಮ ರಾಜ್ಯದಲ್ಲಿ ಎದ್ದು ಕಾಣುವ ಹಾಗೆ ಬೋರ್ಡು ಬದಲಾದದ್ದು ಮೂರೇ ಸಲ. 2024ರ ಮಾರ್ಚ್‌ನಲ್ಲಿ 2 ರೂಪಾಯಿ ಇಳಿಯಿತು. ಅದೇ ಜೂನ್‌ನಲ್ಲಿ ಮಾರಾಟ ತೆರಿಗೆ ಏರಿ 3 ರೂಪಾಯಿ ಜಾಸ್ತಿ ಆಯಿತು. 2025ರ ಏಪ್ರಿಲ್‌ನಲ್ಲಿ ಮತ್ತೆ 2. ಕೂಡಿ ಕಳೆದರೆ 3 ರೂಪಾಯಿ ಏರಿದೆ. 75 ಲೀಟರಿಗೆ 225. ಲೆಕ್ಕ ಅಂದರೆ ಲೆಕ್ಕವೇ ಆಗಲಿ ಅನ್ನುವುದಾದರೆ, ಪಾರ್ಟಿಯವರೇ ನಿಮಗೆ ಟ್ರಿಪ್ಪಿಗೆ 225 ರೂಪಾಯಿ ಜಾಸ್ತಿ ಕೊಡಬೇಕು!

ದೊಡ್ಡ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡ ಟ್ರಾನ್ಸ್‌ಪೋರ್ಟ್‌ನವರಿಗೆ ಇದು ಕಾಗದದಲ್ಲೇ ಇರುತ್ತದೆ. ಇಂಥ ತಾರೀಕಿನ ಡೀಸೆಲ್ ದರಕ್ಕೆ ಇಷ್ಟು ಬಾಡಿಗೆ, ಇಷ್ಟು ಏರಿದರೆ ಇಷ್ಟು ಜಾಸ್ತಿ, ಇಳಿದರೆ ಇಷ್ಟು ಕಮ್ಮಿ ಅಂತ. ನಮ್ಮಂಥ ಒಂದು ಗಾಡಿಯವರಿಗೆ ಮಾತ್ರ ಬಾಯಿ ಮಾತು. ನಾವು ಹೋದ ವರ್ಷ ಒಂದು ಪಾರ್ಟಿ ಜೊತೆ ಬರೆದುಕೊಂಡೆವು. ಅರ್ಧ ಹಾಳೆ, ಸ್ಟ್ಯಾಂಪು ಗಿಂಪು ಇಲ್ಲ. ಮೇಲೆ ಆ ದಿನದ ಬಂಕ್ ದರ, ಕೆಳಗೆ ಬಾಡಿಗೆ. ರೂಪಾಯಿಗೆ 75 ಅಂತ ನೀವೂ ಬರೆದುಕೊಳ್ಳಿ. ಆದರೆ ಎರಡೂ ಕಡೆಗೆ. ಇಳಿದಾಗ ನೀವೂ ಬಾಯಿ ಮುಚ್ಚಿಕೊಂಡು ಇಳಿಸಬೇಕು.

ಹತ್ತುಚಕ್ರ, ಸೋಮವಾರಪೇಟೆ

ಅಕ್ಕಾ, ಬರೆದುಕೊಳ್ಳುವಂಥ ಪಾರ್ಟಿ ಸಿಕ್ಕಿದ್ದು ನಿಮ್ಮ ಪುಣ್ಯ. ನನ್ನ ಕತೆ ಕೇಳಿ.

ನಾನು ಹತ್ತು ಚಕ್ರದ ಗಾಡಿ ಇಟ್ಟಿದ್ದೆ. ಲೋಡಾದ ಮೇಲೆ ನಾಲ್ಕರ ಹತ್ತಿರ ಮೈಲೇಜು, ಘಾಟಿಯಲ್ಲಿ ಎರಡೂವರೆ. ಮಧ್ಯದಲ್ಲಿ ಬ್ರೋಕರ್ ಇರುತ್ತಿದ್ದ. ಅರ್ಧ ಬಾಡಿಗೆ ಅಡ್ವಾನ್ಸ್, ಉಳಿದದ್ದು ಬ್ಯಾಲೆನ್ಸ್, ಕಾಗದ ಮುಟ್ಟಿಸಿದ ಮೇಲೆ. "ಮೇಲೆ" ಅಂದರೆ ಎರಡು ತಿಂಗಳು. ಆ 2021ರ ನವೆಂಬರ್‌ನಲ್ಲಿ ಏನಾಯ್ತು ಗೊತ್ತಾ? ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೊಡೆದ ಏಳು ಟ್ರಿಪ್ಪಿನ ಬ್ಯಾಲೆನ್ಸ್ ಕೊಡಲು ಕೂತರು. ಪ್ರತಿ ಟ್ರಿಪ್ಪಿಗೆ 800 ಹಿಡಿದುಕೊಂಡರು. ಯಾಕೆ ಅಂದರೆ "ಡೀಸೆಲ್ ಇಳಿದಿದೆಯಲ್ಲ". ನಾನು ಆ ಟ್ರಿಪ್ಪುಗಳಿಗೆ ಡೀಸೆಲ್ ಹಾಕಿಸಿದ್ದು ನೂರು ರೂಪಾಯಿ ಹತ್ತಿರದ ದರದಲ್ಲಿ! ಬಂಕಿನ ಬಿಲ್ಲು ತೋರಿಸಿದೆ. ಬಿಲ್ಲು ನೋಡಿದ, ತಲೆ ಆಡಿಸಿದ, 800 ವಾಪಸ್ ಕೊಡಲಿಲ್ಲ. "ಮುಂದಿನ ಲೋಡಿನಲ್ಲಿ ನೋಡೋಣ" ಅಂದ. ಮುಂದಿನ ಲೋಡು ಬರಲೇ ಇಲ್ಲ.

ಗಾಡಿ ಮಾರಿದೆ. ಈಗ ಪಿಕಪ್ ಇದೆ. ತರಕಾರಿ, ಶುಂಠಿ, ಸಿಲಿಂಡರ್ ಬಿಟ್ಟು ಏನು ಹೇಳಿದರೂ ಹೊಡೆಯುತ್ತೇನೆ. ಬಾಡಿಗೆ ಕೈಗೆ ಬಂದ ಮೇಲೆ ಕೆಳಗಿಳಿಸೋದು.

ಸಂಪಾಜೆ ಹಳಬ

ಹತ್ತುಚಕ್ರ ಹೇಳಿದ್ದು ಎಲ್ಲಕ್ಕಿಂತ ಮುಖ್ಯ. ಡೀಸೆಲ್ಲಿಗೆ ದುಡ್ಡು ಹಾಕುವವರು ನಾವು, ಬಂಕಿನಲ್ಲಿ ನಗದು. ನಮ್ಮ ದುಡ್ಡು ಬರೋದು 45 ದಿನ, 60 ದಿನ ಆದ ಮೇಲೆ. ಅಷ್ಟರಲ್ಲಿ ದರ ಇಳಿದರೆ ಅವರು ಇಳಿದ ದರ ಹಿಡಿಯುತ್ತಾರೆ. ಏರಿದರೆ ಹಳೇ ದರ ಹಿಡಿಯುತ್ತಾರೆ.

ಕುಟ್ಟ ಗಡಿ

ನಮ್ಮ ಕಡೆ ಮಾತು ಸ್ವಲ್ಪ ಬೇರೆ. ನಾನು ಮರದ ಲೋಡು ಹೊಡೆಯುವವನು. ಸಿಲ್ವರ್ ಮರ, ಪೆರುಂಬಾವೂರಿನ ಪ್ಲೈವುಡ್ ಫ್ಯಾಕ್ಟರಿಗಳಿಗೆ. ನಮಗೆ ಬೋರ್ಡಿನಲ್ಲಿ ಎಷ್ಟಿದೆ ಅನ್ನೋದಕ್ಕಿಂತ ಗಡಿಯ ಆಚೆ ಈಚೆ ಎಷ್ಟು ವ್ಯತ್ಯಾಸ ಅನ್ನೋದೇ ದೊಡ್ಡದು. ಕೇರಳದಲ್ಲಿ ಡೀಸೆಲ್ ನಮಗಿಂತ ಲೀಟರಿಗೆ ಮೂರು ನಾಲ್ಕು ರೂಪಾಯಿ ಜಾಸ್ತಿ. 2023ರ ಏಪ್ರಿಲ್‌ನಿಂದ ಅವರು 2 ರೂಪಾಯಿ ಸೆಸ್ ಬೇರೆ ಹಾಕಿದ್ದಾರೆ. ಹಾಗಾಗಿ ಕೇರಳ ನಂಬರಿನ ಲಾರಿಗಳು ಗಡಿ ದಾಟುವ ಮೊದಲು ನಮ್ಮ ಕಡೆಯ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತವೆ. ಭಾನುವಾರ ಸಂಜೆ ಬಂದು ನೋಡಿ, ಸಾಲು.

ನಮ್ಮ ರಾಜ್ಯದಲ್ಲಿ ತೆರಿಗೆ ಏರಿದಾಗ ಈ ವ್ಯತ್ಯಾಸ ಕಮ್ಮಿ ಆಯಿತು. ಬಂಕಿನವರಿಗೂ ಹೊಡೆತ, ನಮಗೂ ಹೊಡೆತ. ಯಾಕೆಂದರೆ ಆ ಕಡೆಯ ಲಾರಿಯವರ ಜೊತೆ ಬಾಡಿಗೆಗೆ ಪೈಪೋಟಿ ಮಾಡುವಾಗ ನಮಗೆ ಇದ್ದ ಒಂದೇ ಅನುಕೂಲ ಅದು.

ಇನ್ನು ಮಳೆಗಾಲ. ಜೂನ್ ಬಂತು ಅಂದರೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. ಮರ, ಮರಳು, ಭಾರೀ ವಾಹನ ಬಂದ್. ಮಾಕುಟ್ಟ ಘಾಟಿ ಜರಿದರೆ ಕಣ್ಣೂರು ದಾರಿಯೂ ಇಲ್ಲ. ಆದೇಶ ತಪ್ಪು ಅಂತ ಹೇಳಲ್ಲ. 2018ರಲ್ಲಿ ಜೋಡುಪಾಲದಲ್ಲಿ ಗುಡ್ಡ ಜರಿದು ಬಂದದ್ದನ್ನು ನೋಡಿದವನು ಯಾರೂ ಹಾಗೆ ಹೇಳಲ್ಲ. ಆದರೆ ಆ ತಿಂಗಳುಗಳಲ್ಲಿ ಡೀಸೆಲ್ ಪುಕ್ಕಟೆ ಕೊಟ್ಟರೂ ನನಗೆ ಪ್ರಯೋಜನ ಇಲ್ಲ. ಗಾಡಿ ಟಾರ್ಪಾಲು ಹೊದ್ದು ಮಲಗಿರುತ್ತದೆ, ಕಂತು ಮಾತ್ರ ಎದ್ದು ಓಡಾಡುತ್ತದೆ.

ಗೋಣಿಕೊಪ್ಪ ಲೆಕ್ಕದಕ್ಕ

ಕುಟ್ಟದವರೇ, ಅದೇ ನಾನು ಬರೆಯಬೇಕು ಅಂತಿದ್ದದ್ದು. ಡೀಸೆಲ್ಲು ಗಾಡಿ ಓಡಿದರೆ ಮಾತ್ರ ಖರ್ಚು. ನಿಂತರೂ ಖರ್ಚಾಗುವುದು ಬೇರೆ ಇದೆ. ನಮ್ಮ ಡೈರಿಯಿಂದ: ಕಂತು ತಿಂಗಳಿಗೆ 28,400. ಇನ್ಶೂರೆನ್ಸ್‌ನಲ್ಲಿ ಥರ್ಡ್ ಪಾರ್ಟಿ ಒಂದೇ, 12ರಿಂದ 20 ಟನ್ ಒಳಗಿನ ಗಾಡಿಗೆ, ವರ್ಷಕ್ಕೆ 35 ಸಾವಿರದ ಮೇಲೆ. ಮೂರು ತಿಂಗಳಿಗೊಮ್ಮೆ ಟ್ಯಾಕ್ಸು. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋಗುವ ಮೊದಲು ಪೇಂಟು, ಬ್ರೇಕು, ಲೈಟು ಅಂತ ಗ್ಯಾರೇಜಿಗೆ ಒಂದು ಗಂಟು. ಪರ್ಮಿಟ್ಟು. ಇವು ಯಾವುದೂ ಕ್ರೂಡ್ ಜೊತೆ ಇಳಿಯಲ್ಲ.

ಟೈರು ಮಾತ್ರ ಸ್ವಲ್ಪ ಇಳಿದಿದೆ, ಅದನ್ನು ಮುಚ್ಚಿಡಲ್ಲ. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ 28ರಿಂದ 18ಕ್ಕೆ ಬಂತು. ನಮ್ಮ ಗಾಡಿಗೆ ಎರಡು ಟೈರು ಅಕ್ಟೋಬರ್‌ನಲ್ಲಿ ಹಾಕಿಸಿದೆವು, ಜೋಡಿಗೆ ಮೂರು ಸಾವಿರ ಚಿಲ್ಲರೆ ಉಳಿಯಿತು. ಆದರೆ ಟೈರು ದಿನಾ ಹಾಕಿಸಲ್ಲವಲ್ಲ.

ಹಾಗಾಗಿ ಡೀಸೆಲ್ ಇಳಿದಾಗ ಉಳಿಯುವ ದುಡ್ಡು ಎಲ್ಲಿ ಹೋಗುತ್ತದೆ ಅಂದರೆ, ಮಳೆಗಾಲದಲ್ಲಿ ಬಾಕಿ ಬಿದ್ದ ಕಂತಿಗೆ ಹೋಗುತ್ತದೆ. ಪಾರ್ಟಿಯವರು ಅದನ್ನು ಲಾಭ ಅಂದುಕೊಳ್ಳುತ್ತಾರೆ. ನಮಗೆ ಅದು ಜೂನ್, ಜುಲೈನ ಸಾಲ.

ಶನಿವಾರಸಂತೆ ಹುಡುಗ

ಹಳಬ ಅಣ್ಣಾ, ಲೋಡಿನ ಮಾತಿಗೆ ಸುಮ್ಮನಾದೆ. ಆದರೆ ಡೀಸೆಲ್ ಉಳಿಸೋಕೆ ಒಂದು ಐಡಿಯಾ ಕೇಳಿದ್ದೆ. ಸಂಪಾಜೆ ಇಳಿಯುವಾಗ ನ್ಯೂಟ್ರಲ್ ಮಾಡಿದರೆ ಎರಡು ಮೂರು ಲೀಟರ್ ಉಳಿಯುತ್ತಂತೆ?

ಸಂಪಾಜೆ ಹಳಬ

ಯಾವನು ಹೇಳಿದ್ದು? ಅವನ ಗಾಡಿ ಹಿಂದೆ ಮುಂದೆ ಹೋಗಬೇಡ.

ಕೇಳು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಎರಡು, ಮೂರನೇ ಗೇರ್. ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ನ್ಯೂಟ್ರಲ್ ಮಾಡಿದರೆ ಹಿಡಿತವೆಲ್ಲ ಬ್ರೇಕಿನ ಮೇಲೆ. ಹತ್ತು ಟನ್ ತುಂಬಿಕೊಂಡು ನಾಲ್ಕು ತಿರುವು ಒತ್ತಿದರೆ ಡ್ರಮ್ಮು ಕಾಯುತ್ತದೆ, ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ, ಐದನೇ ತಿರುವಿನಲ್ಲಿ ಪೆಡಲ್ ಒತ್ತಿದರೂ ಗಾಡಿ ಕೇಳಲ್ಲ. ಇನ್ನು ಕೆಲವರು ಇಂಜಿನ್ನೇ ಆಫ್ ಮಾಡುತ್ತಾರೆ. ಏರ್ ಬ್ರೇಕಿಗೆ ಗಾಳಿ ತುಂಬೋದು ಇಂಜಿನ್ನಿಗೆ ಕಟ್ಟಿದ ಕಂಪ್ರೆಸರ್. ಇಂಜಿನ್ ನಿಂತರೆ ಟ್ಯಾಂಕಿನಲ್ಲಿದ್ದ ಗಾಳಿ ಎಷ್ಟೋ ಅಷ್ಟೇ. ಅದೂ ಮುಗಿದರೆ ಮುಂದೆ ತಿರುವು, ಕೆಳಗೆ ಹೊಳೆ.

ಮತ್ತೆ ಉಳಿತಾಯವೂ ಸುಳ್ಳು. ಈಗಿನ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಕಾಲು ತೆಗೆದರೆ ಪಂಪು ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಐಡ್ಲಿಂಗ್‌ಗೆ ಡೀಸೆಲ್ ಕುಡಿಯುತ್ತದೆ. ಗೇರಿನಲ್ಲಿ ಇಳಿದವನೇ ಉಳಿಸಿದವನು.

ಡೀಸೆಲ್ ಉಳಿಸಬೇಕಾ? ಟೈರಿಗೆ ಸರಿಯಾಗಿ ಗಾಳಿ ಹಾಕಿಸು. ಏರ್ ಫಿಲ್ಟರ್ ಬಿಚ್ಚಿ ನೋಡು. ತೋಟದ ಮಣ್ಣು ರಸ್ತೆಯಲ್ಲಿ ಓಡುವ ಗಾಡಿಗೆ ಧೂಳು ಜಾಸ್ತಿ.

ಶನಿವಾರಸಂತೆ ಹುಡುಗ

ಆಯ್ತಣ್ಣ. ಬರೆದಿಟ್ಟುಕೊಂಡೆ.

ಸಿದ್ದಾಪುರ ತೋಟ

ಲೆಕ್ಕದಕ್ಕ ಅವರೇ, ರೂಪಾಯಿಗೆ 75 ಅನ್ನುವ ನಿಮ್ಮ ಚೀಟಿ ನನಗೆ ಹಿಡಿಸಿತು. ಇದುವರೆಗೆ ನನಗೆ ಯಾವ ಲಾರಿಯವರೂ ಎಷ್ಟು ಲೀಟರ್ ಬೇಕು ಅಂತ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಪ್ರಶ್ನೆ. ಮಂಗಳೂರಿಗೆ ಸರಿ, ಡಾಂಬರು ರಸ್ತೆ. ನನ್ನ ಕಣದಿಂದ ಕುಶಾಲನಗರದ ಕ್ಯೂರಿಂಗ್‌ಗೆ ಬರೀ 35 ಕಿಲೋಮೀಟರ್. ಅಲ್ಲಿ ಡೀಸೆಲ್ ಎಷ್ಟು ಆಗುತ್ತದೆ? ಆದರೂ ಬಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ಮಂಗಳೂರಿಗಿಂತ ದುಪ್ಪಟ್ಟು ಇದೆ. ಅದು ಯಾಕೆ?

ಆರುಚಕ್ರ, ಕುಶಾಲನಗರ

ಸರ್, ನಿಮ್ಮ ಕಡೆ ಲೋಡು ಹೊಡೆದ ಒಂದು ದಿನ ಹೇಳುತ್ತೇನೆ. ಯಾರ ತೋಟ ಅಂತ ಹೇಳಲ್ಲ.

ಬೆಳಗ್ಗೆ 9ಕ್ಕೆ ಬಾ ಅಂದರು. 9ಕ್ಕೆ ಗೇಟಿನಲ್ಲಿ ಇದ್ದೆ. ಕಣದಲ್ಲಿ ಕಾಫಿ ಇನ್ನೂ ಹರಡಿಕೊಂಡೇ ಇತ್ತು. ತೋಟದ ಲೆಕ್ಕ ನೋಡುವ ರೈಟರು ಬಂದು ಹಲ್ಲಲ್ಲಿ ಕಚ್ಚಿ ನೋಡಿ "ಇನ್ನೊಂದು ಬಿಸಿಲು ಬೇಕು" ಅಂದರು. ಮಧ್ಯಾಹ್ನ ಎರಡಕ್ಕೆ ಗುಡ್ಡೆ ಮಾಡಿದರು. ಚೀಲ ತುಂಬುವವರು ನಾಲ್ಕು ಜನ, ಹೊಲಿಯುವವಳು ಒಬ್ಬಳೇ ಅಜ್ಜಿ. ದಬ್ಬಣ ಅವಳ ಕೈಯಲ್ಲಿ ಮಿಂಚಿನ ಹಾಗೆ ಓಡುತ್ತಿತ್ತು, ಆದರೂ 200 ಚೀಲ ಅಂದರೆ ಸುಮ್ನೆ ಅಲ್ಲ. ತೂಕ ಹಾಕಿ, ಹತ್ತಿಸಿ, ಟಾರ್ಪಾಲು ಕಟ್ಟುವಾಗ ಆರು ಗಂಟೆ. ಅಷ್ಟರಲ್ಲಿ ರಸ್ತೆಗೆ ಆನೆ ಬಂದಿದೆ ಅಂತ ಫೋನು. ಗೇಟಿನ ಒಳಗೇ ಗಾಡಿ ನಿಲ್ಲಿಸಿ ಕೂತೆ. ಕೆಲಸದವರ ಲೈನ್ ಮನೆಯಿಂದ ಯಾರೋ ಕರಿ ಕಾಫಿ ತಂದು ಕೊಟ್ಟರು. ಎಂಟೂವರೆಗೆ ದಾರಿ ಬಿಟ್ಟಿತು. ಕ್ಯೂರಿಂಗ್ ತಲುಪಿದಾಗ ಗೇಟು ಬಂದ್. ರಾತ್ರಿ ಗಾಡಿಯಲ್ಲೇ ಮಲಗಿ ಬೆಳಗ್ಗೆ ಇಳಿಸಿದೆ.

35 ಕಿಲೋಮೀಟರಿಗೆ ಒಂದೂವರೆ ದಿನ. ಡೀಸೆಲ್ ಹೋಗಿ ಬರೋಕೆ 18 ಲೀಟರ್. 2 ರೂಪಾಯಿ ಇಳಿದರೆ ನನಗೆ ಉಳಿಯೋದು 36 ರೂಪಾಯಿ. ಇಲ್ಲಿ ಬಾಡಿಗೆ ಡೀಸೆಲ್ಲಿಗಲ್ಲ ಸರ್, ಕಾಯೋದಕ್ಕೆ.

ಸಿದ್ದಾಪುರ ತೋಟ

ಯಾರ ತೋಟ ಅಂತ ಹೇಳದೇ ಇದ್ದದ್ದಕ್ಕೆ ಧನ್ಯವಾದ. ನಮ್ಮಲ್ಲೂ ಹೊಲಿಯುವುದಕ್ಕೆ ಅಜ್ಜಿಯೇ ಇರೋದು.

ಹತ್ತುಚಕ್ರ, ಸೋಮವಾರಪೇಟೆ

ಇನ್ನೊಂದು ಮಾತು, ಯಾರೂ ಹೇಳಲಿಲ್ಲ. ಒಂದು ಲೋಡಿನಲ್ಲಿ 200 ಚೀಲ. 2024ರಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) 50 ಕೆಜಿ ಚೀಲಕ್ಕೆ 10 ಸಾವಿರ ಮುಟ್ಟಿತ್ತಲ್ಲ, ಆ ಲೆಕ್ಕದಲ್ಲಿ ಲಾರಿ ಮೇಲೆ ಇರೋದು 20 ಲಕ್ಷ. ಅದರ ಬಾಡಿಗೆಯಲ್ಲಿ ಒಂದು ಸಾವಿರ ಕಮ್ಮಿ ಮಾಡು ಅಂತ ಟಿವಿ ನೋಡಿ ಫೋನ್ ಮಾಡುತ್ತಾರೆ. ಕಾಫಿ ರೇಟು ಏರಿದಾಗ ನಮಗೆ ಒಂದು ಸಾವಿರ ಜಾಸ್ತಿ ತಗೋ ಅಂತ ಯಾರಾದರೂ ಫೋನ್ ಮಾಡಿದ್ದರಾ?

ಕುಟ್ಟ ಗಡಿ

ಹತ್ತುಚಕ್ರ ಚೇಟಾ, ಕಾಫಿ ಬಿದ್ದಾಗ ನಾವೂ ಬಾಡಿಗೆ ಬಿಟ್ಟಿಲ್ಲ. ಆ ಲೆಕ್ಕಕ್ಕೆ ಹೋಗೋದು ಬೇಡ, ನಮಗೇ ತಿರುಗುತ್ತೆ.

ನಿಜ ಹೇಳಬೇಕಂದ್ರೆ ಬಾಡಿಗೆ ನಿಲ್ಲೋದು ಗಾಡಿ ಸಿಗುತ್ತದಾ ಇಲ್ಲವಾ ಅನ್ನೋದರ ಮೇಲೆ. ನಮ್ಮ ಜಿಲ್ಲೆಗೆ ರೈಲು ಇಲ್ಲ. ಏನೇ ಹೊರಗೆ ಹೋಗಬೇಕಾದರೂ, ಒಳಗೆ ಬರಬೇಕಾದರೂ ಚಕ್ರದ ಮೇಲೇ. ಜನವರಿ, ಫೆಬ್ರವರಿಯಲ್ಲಿ ಕಣದಲ್ಲಿ ಕಾಫಿ ಒಣಗಿ ಕೂತಿರುತ್ತದೆ. ಮೋಡ ಕಂಡರೆ ಪಾರ್ಟಿಯವರು ಡೀಸೆಲ್ ರೇಟು ಕೇಳಲ್ಲ, "ಗಾಡಿ ಎಲ್ಲಿದೆ" ಅಂತ ಮಾತ್ರ ಕೇಳುತ್ತಾರೆ. ಆಗ ಡೀಸೆಲ್ ಇಳಿದರೆ ಅದು ನಮ್ಮ ಜೇಬಿನಲ್ಲೇ ಉಳಿಯುತ್ತದೆ. ಅದೇ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಇಳಿದರೆ ಒಂದು ಲೋಡಿಗೆ ಐದು ಗಾಡಿ. ಒಬ್ಬ 500 ಇಳಿಸುತ್ತಾನೆ, ಇನ್ನೊಬ್ಬ 700. ಪಾರ್ಟಿ ಕೇಳೋದೇ ಬೇಡ, ನಾವೇ ಕೊಟ್ಟುಬಿಡುತ್ತೇವೆ.

ಗೋಣಿಕೊಪ್ಪ ಲೆಕ್ಕದಕ್ಕ

ಇದು ಸರಿ. ನಮ್ಮ ಡೈರಿಯಲ್ಲೂ ಹಾಗೇ ಕಾಣುತ್ತದೆ. 2021ರ ನವೆಂಬರ್‌ನ ಇಳಿಕೆ ಸೀಸನ್ ಬಾಗಿಲಲ್ಲಿ ಬಂತು. ಆ ವರ್ಷ ನಾವು ಹಳೇ ಸಾಲ ತೀರಿಸಿದೆವು. 2022ರ ಮೇ ತಿಂಗಳಿನದು ಮಳೆ ಮುಂದೆ ಬಂತು. ಎರಡು ವಾರದಲ್ಲಿ ಬಾಡಿಗೆಯೇ ಇಳಿದು ಹೋಗಿತ್ತು, ಅದರಲ್ಲಿ ಏನೂ ಉಳಿದಿಲ್ಲ.

ಆರುಚಕ್ರ ಅವರೇ, ಈಗ ಪುತ್ತರಿ (ಕೊಡಗಿನ ಸುಗ್ಗಿ ಹಬ್ಬ) ಕಳೆದಿದೆ, ಕೊಯ್ಲು ಶುರುವಾಗಿದೆ. ಬರೆದುಕೊಳ್ಳಬೇಕಾದರೆ ಈಗಲೇ ಬರೆದುಕೊಳ್ಳಿ. ಜೂನ್‌ನಲ್ಲಿ ಹೋದರೆ ಹಾಳೆ ತೆಗೆದುಕೊಳ್ಳುವವರೇ ಇರಲ್ಲ.

ಮಡಿಕೇರಿ ಮಬ್ಬು

ಟೊಮೆಟೊಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಆರುಚಕ್ರ, ಕುಶಾಲನಗರ

ಇವತ್ತು ಹೋಗಿದ್ದೆ. ಏನಾಯ್ತು ಅಂತ ಬರೆಯುತ್ತೇನೆ.

ಅಕ್ಕ ಹೇಳಿದ ಹಾಗೆ ಹಾಳೆಯಲ್ಲಿ ಬರೆದುಕೊಂಡು ಹೋದೆ. ಕೊನೆಯ ಆರು ಟ್ರಿಪ್ಪಿನ ಬಂಕ್ ಬಿಲ್ಲು ಪಿನ್ ಮಾಡಿದ್ದೆ. ಪಾರ್ಟಿ ಕನ್ನಡಕ ಹಾಕಿಕೊಂಡು ಎಲ್ಲ ಬಿಲ್ಲು ಕೂಡಿ ನೋಡಿದರು. 75 ಲೀಟರ್ ಅಂದದ್ದು ಅವರ ಲೆಕ್ಕದಲ್ಲಿ 73 ಬಂತು. "ಎರಡು ಲೀಟರ್ ಎಲ್ಲಿ ಹೋಯ್ತು?" ಅಂದರು. ಪುತ್ತೂರಿನಲ್ಲಿ ಒಂದು ಟ್ರಿಪ್ ಸುತ್ತಿ ಹೋಗಿದ್ದೆ, ಮತ್ತೊಂದರಲ್ಲಿ ಬ್ರಹ್ಮರಕೂಟ್ಲು ಟೋಲ್ ಹತ್ತಿರ ಒಂದು ಗಂಟೆ ಜಾಮು; ಆ ಎರಡು ಟ್ರಿಪ್ಪು ಮನಸ್ಸಿನಲ್ಲಿಟ್ಟುಕೊಂಡೇ 75 ಅಂದಿದ್ದೆ. ವಾದ ಮಾಡಲಿಲ್ಲ. 73ಕ್ಕೆ ಒಪ್ಪಿದೆ.

ಸಾವಿರದ ಮಾತು ಬಿಟ್ಟರು. ಮಂಗಳೂರಿಗೆ ಇವತ್ತಿನ ದರಕ್ಕೆ ಹಳೇ ಬಾಡಿಗೆಯೇ. ಬೋರ್ಡು ರೂಪಾಯಿ ಇಳಿದರೆ 73 ಕಮ್ಮಿ, ಏರಿದರೆ 73 ಜಾಸ್ತಿ. ಸಹಿ ಹಾಕಿದರು. ದರ ಅಂದರೆ ಲೋಡಾದ ದಿನದ ದರ, ದುಡ್ಡು ಕೊಡುವ ದಿನದ್ದಲ್ಲ ಅಂತ ಹತ್ತುಚಕ್ರ ಅಣ್ಣನ ನೆನಪಾಗಿ ಬೇರೆ ಸಾಲು ಬರೆಸಿದೆ. ಅದಕ್ಕೆ ಸ್ವಲ್ಪ ಮುಖ ಗಂಟು ಹಾಕಿದರು, ಆದರೂ ಬರೆದರು.

ಬ್ಯಾಲೆನ್ಸ್ 15 ದಿನಕ್ಕೆ ಕೊಡಿ ಅಂದೆ. "ಅದೆಲ್ಲ ಆಮೇಲೆ" ಅಂದರು. ತೋಟದ ಲೋಡಿನ ಕಾಯುವ ದುಡ್ಡಿಗೂ ಒಪ್ಪಲಿಲ್ಲ. ಹೊರಡುವಾಗ "ಇಷ್ಟೆಲ್ಲ ಮಾಡಿಕೊಟ್ಟೆ, ಮೇಲೆ ಹತ್ತು ಚೀಲ ಹಾಕ್ಕೊಂಡು ಹೋಗು" ಅಂದರು. ಅರ್ಧ ಟನ್! ವೇಬ್ರಿಡ್ಜ್ ಚೀಟಿ ತೋರಿಸಿ ಆಗಲ್ಲ ಅಂದೆ. ನಕ್ಕರು.

ಸಂಪಾಜೆ ಹಳಬ

ಹತ್ತು ಚೀಲಕ್ಕೆ ಇಲ್ಲ ಅಂದದ್ದು ಒಳ್ಳೇದಾಯ್ತು. ಮುಂದಿನ ಲೋಡು ಯಾವಾಗ?

ಆರುಚಕ್ರ, ಕುಶಾಲನಗರ

ಗುರುವಾರ ಬೆಳಗ್ಗೆ 5ಕ್ಕೆ. ಬರುವಾಗ ಗೊಬ್ಬರ ಇದೆಯಂತೆ, ಇನ್ನೂ ಖಾತ್ರಿ ಇಲ್ಲ. ಸಂಪಾಜೆಯಲ್ಲಿ ಇಳಿಯುವಾಗ ನಿಮ್ಮ ಮನೆ ಹತ್ತಿರ ಹಾರನ್ ಹೊಡೆಯುತ್ತೇನೆ, ಕಾಫಿ ಇಟ್ಟಿರಿ.

ಸಂಪಾಜೆ ಹಳಬ

ಗೇರಿನಲ್ಲಿ ಬಾ. ಇಟ್ಟಿರ್ತೇನೆ.